ಗ್ಯಾರೇಜಿನಲ್ಲೇ ನಿಂತುಬಿಟ್ಟ ಹಳೇ ಬೈಕು: ಕಾಯುವುದೋ, ಎತ್ತಿಕೊಂಡು ಬರುವುದೋ?

ಅಪ್ಪನ ಯೆಜ್ಡಿ ರೋಡ್‌ಕಿಂಗನ್ನು ಗ್ಯಾರೇಜಿಗೆ ಬಿಟ್ಟದ್ದು ಯುಗಾದಿ ಕಳೆದ ವಾರ. ದಿಣ್ಣೆ ಹತ್ತುವಾಗ ಎಂಜಿನ್ನಿನ ಒಳಗಿಂದ ಟಕಟಕ ಸದ್ದು ಬರುತ್ತಿತ್ತು. "ಬಿಗ್ ಎಂಡ್ ಬೇರಿಂಗ್ ಹೋಗಿದೆ ಸರ್, ಹದಿನೈದು ದಿನ ಕೊಡಿ" ಅಂದರು ಮೆಕ್ಯಾನಿಕ್. ಪಿಸ್ಟನ್ನಿನ ದಂಡ (ಕಾನ್‌ರಾಡು) ಎಂಜಿನ್ನಿನ ತಿರುಗುವ ದಂಡಕ್ಕೆ (ಕ್ರ್ಯಾಂಕಿಗೆ) ಸೇರುವ ಕಡೆಯ ಬೇರಿಂಗ್ ಅದು. ಗೌರಿ ಗಣೇಶ ಬಂದಾಗಲೂ ಗಾಡಿ ಅಲ್ಲೇ ಇತ್ತು. ಸಿಲಿಂಡರ್ ಬಿಚ್ಚಿ, ಕ್ರ್ಯಾಂಕ್‌ಕೇಸಿನ ಬಾಯಿಗೆ ಹಳೇ ಬನಿಯನ್ ತುರುಕಿ, ಟ್ಯಾಂಕನ್ನು ಅಟ್ಟದ ಮೇಲೆ ಎತ್ತಿಟ್ಟಿದ್ದರು. ದೀಪಾವಳಿ ಹೊತ್ತಿಗೆ ಗಾಡಿ ಓಡಿಕೊಂಡೇ ಮನೆಗೆ ಬಂತು, ಆದರೆ ಬೇರೊಬ್ಬ ಮೆಕ್ಯಾನಿಕ್ ಕೈಯಿಂದ.

ಆ ಏಳು ತಿಂಗಳಲ್ಲಿ ಕಾದೆ, ಬೇಡಿಕೊಂಡೆ, ರೇಗಿದೆ, ಸ್ಪೇರ್ ಹುಡುಕಿಕೊಂಡು ಊರೂರು ಅಲೆದೆ, ಕೊನೆಗೆ ಗಾಡಿಯನ್ನು ಎತ್ತಿಕೊಂಡೂ ಬಂದೆ. ಇವೆಲ್ಲ ಸರಿಯಾದ ದಾರಿಗಳೇ. ನಾನು ಎಡವಿದ್ದು ಯಾವುದನ್ನು ಯಾವಾಗ ಮಾಡಬೇಕು ಅನ್ನುವಲ್ಲಿ. ನಿಮ್ಮ ಹಳೇ ಬೈಕೂ ಹೀಗೆ ಸಿಕ್ಕಿಕೊಂಡಿದ್ದರೆ, ದಾರಿ ಆರಿಸಿಕೊಳ್ಳುವ ಮೊದಲು ಇದನ್ನು ಓದಿ.

ಗಾಡಿ ಯಾವುದಕ್ಕೆ ನಿಂತಿದೆ?

"ಯಾವಾಗ ಆಗುತ್ತೆ?" ಅಂತ ಕೇಳಿದರೆ "ನಾಳೆ ಬನ್ನಿ", "ಬರೀ ಫಿಟ್ಟಿಂಗ್ ಬಾಕಿ" ಅನ್ನುವ ಉತ್ತರವೇ ಸಿಗುವುದು. "ಅಣ್ಣ, ಈಗ ಯಾವುದಕ್ಕೆ ನಿಂತಿದೆ?" ಅಂತ ಕೇಳಿ. ಹಳೇ ಗಾಡಿ ನಿಲ್ಲುವುದು ನಾಲ್ಕರಲ್ಲಿ ಒಂದಕ್ಕೆ: ಸ್ಪೇರ್ ಸಿಕ್ಕಿಲ್ಲ, ಲೇತ್ ಅಂಗಡಿಯಿಂದ ಕೆಲಸ ವಾಪಸ್ ಬಂದಿಲ್ಲ, ಎಲ್ಲ ಇದ್ದೂ ಮೆಕ್ಯಾನಿಕ್ ಕೈ ಬಿಡುವಾಗಿಲ್ಲ, ಅಥವಾ ನೀವು ಕೊಟ್ಟ ಅಡ್ವಾನ್ಸ್ ಬೇರೆ ಗಾಡಿಯ ಸ್ಪೇರಿಗೆ ಖರ್ಚಾಗಿಹೋಗಿದೆ. ಕೊನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಪಾರ್ಟ್ ಬಂದಿಲ್ಲ" ಅಂತಲೇ ಹೇಳುತ್ತಾರೆ. ಯಾವ ಪಾರ್ಟು, ಯಾವ ಅಂಗಡಿಗೆ ಹೇಳಿದ್ದೀರಿ, ಎಷ್ಟು ಕೊಟ್ಟಿದ್ದೀರಿ ಅಂತ ಸಮಾಧಾನವಾಗಿ ಕೇಳಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಗಾಡಿ ಯಾವುದು ಅನ್ನುವುದೂ ಮುಖ್ಯ. ಹಳೇ ಸ್ಪ್ಲೆಂಡರಿನ ಸ್ಪೇರು ಹೋಬಳಿ ಊರಿನಲ್ಲೂ ಸಿಗುತ್ತದೆ. ಅದು ಇಪ್ಪತ್ತು ದಿನ ನಿಂತಿದ್ದರೆ ಸ್ಪೇರಿನ ನೆಪ ಒಪ್ಪಬೇಡಿ. ಎರಕದ ಕಬ್ಬಿಣದ ಎಂಜಿನ್ನಿನ ಹಳೇ ಬುಲೆಟ್ಟಿಗೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ತಿರುಗಿದರೆ ಹೆಚ್ಚುಕಡಿಮೆ ಎಲ್ಲ ಸಿಗುತ್ತದೆ. ಯಮಹಾ ಆರ್‌ಎಕ್ಸ್ 100ರ ಕಥೆ ಬೇರೆ. 1985ರಿಂದ 1996ರವರೆಗೆ ಬಂದ ಆ ಗಾಡಿಯ ಮೇಲೆ ಜನಕ್ಕೆ ಎಷ್ಟು ಆಸೆಯೆಂದರೆ, ಸ್ಪೇರೇನೋ ಸಿಗುತ್ತದೆ, ಅದು ಒರಿಜಿನಲ್ ಹೌದೋ ಅಲ್ಲವೋ ಅನ್ನುವುದನ್ನು ನೋಡಿಕೊಳ್ಳುವುದಕ್ಕೇ ಸಮಯ ಹೋಗುತ್ತದೆ.

ಯೆಜ್ಡಿಗೆ ಮಾತ್ರ ಸ್ಪೇರಿನ ತೊಂದರೆ ನಿಜವಾದದ್ದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನ ಗಾಡಿಗಳು ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಗಿನ ಹೊಸ ಯೆಜ್ಡಿ ಶೋರೂಮಿಗೆ ಹೋಗಿ ಕೇಳಿ ಉಪಯೋಗವಿಲ್ಲ. ಅದು 334 ಸಿಸಿಯ ಲಿಕ್ವಿಡ್ ಕೂಲ್ಡ್ ಫೋರ್ ಸ್ಟ್ರೋಕ್, ನಮ್ಮದು 250 ಸಿಸಿಯ ಟೂ ಸ್ಟ್ರೋಕ್. ಹೆಸರೊಂದೇ, ಬೋಲ್ಟೂ ಕೂರುವುದಿಲ್ಲ. ಹಾಗಾಗಿ ಯೆಜ್ಡಿಯ ಮೆಕ್ಯಾನಿಕ್ "ಸ್ಪೇರ್ ಸಿಕ್ಕಿಲ್ಲ" ಅಂದರೆ ಒಂದು ತಿಂಗಳಾದರೂ ನಂಬಬೇಕು.

ಅಲ್ಲೇ ಬಿಟ್ಟು ಕಾಯುವುದು

ಕಾಯುವುದನ್ನು ಸೋಲು ಅಂದುಕೊಳ್ಳಬೇಕಿಲ್ಲ. ಒಂದು ಕೆಲಸಕ್ಕಂತೂ ಕಾಯಲೇಬೇಕು, ಅದು ಕ್ರ್ಯಾಂಕಿನ ಕೆಲಸ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ಭಾರವಾದ ಚಕ್ರಗಳ ನಡುವೆ ಪಿನ್ನು, ಆ ಪಿನ್ನಿನ ಮೇಲೆ ಬೇರಿಂಗು, ಕಾನ್‌ರಾಡು. ಇವನ್ನು ಪ್ರೆಸ್ಸಿನಲ್ಲಿ ಒತ್ತಿ ಬಿಡಿಸಬೇಕು, ಹೊಸ ಕಿಟ್ ಹಾಕಿ ಮತ್ತೆ ಒತ್ತಿ ಕೂರಿಸಬೇಕು, ಆಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ ಓರೆ ತೆಗೆಯಬೇಕು. ಕೂದಲೆಳೆಯಷ್ಟು ಓರೆ ಉಳಿದರೂ ಹ್ಯಾಂಡಲ್ ನಡುಗುತ್ತದೆ, ಹೊಸ ಬೇರಿಂಗು ಒಂದೇ ವರ್ಷದಲ್ಲಿ ಮತ್ತೆ ಸದ್ದು ಮಾಡುತ್ತದೆ. ಇದನ್ನು ಸರಿಯಾಗಿ ಮಾಡುವ ಲೇತ್‌ನವರು ಒಂದು ಜಿಲ್ಲೆಗೆ ಒಬ್ಬರೋ ಇಬ್ಬರೋ. ಅವರ ಮುಂದೆ ಕ್ರ್ಯಾಂಕುಗಳ ಸಾಲೇ ಇರುತ್ತದೆ. ಅವರನ್ನು ಅವಸರಪಡಿಸಿದರೆ ಕೆಡುವುದು ನಮ್ಮದೇ ಎಂಜಿನ್.

ಆದರೆ ಕಾಯುವುದು ಅಂದರೆ ವಾರಕ್ಕೊಮ್ಮೆ ಫೋನ್ ಮಾಡಿ "ಏನಾಯ್ತು" ಅನ್ನುವುದಲ್ಲ. ನೀವೇ ಲೇತ್ ಅಂಗಡಿಗೆ ಒಂದು ಸಲ ಹೋಗಿ ಬನ್ನಿ. ನಾನು ಹೋದಾಗ ತಿಳಿದದ್ದು, ನಮ್ಮ ಸಿಲಿಂಡರ್ ಅಲ್ಲಿ ಐದು ವಾರದಿಂದ ಬೋರ್ ಆಗದೆ, ಅಂದರೆ ಸವೆದ ಒಳಮೈ ಕೊರೆಸಿಕೊಳ್ಳದೆ, ಬಿದ್ದಿದೆ, ಏಕೆಂದರೆ ಮೆಕ್ಯಾನಿಕ್ ಜೊತೆಗೆ ಪಿಸ್ಟನ್ ಕೊಟ್ಟಿರಲಿಲ್ಲ. ಬೋರ್ ಮಾಡುವವನಿಗೆ ಪಿಸ್ಟನ್ ಮೊದಲೇ ಕೈಯಲ್ಲಿರಬೇಕು. ರೋಡ್‌ಕಿಂಗಿನ ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, 65 ಮಿ.ಮೀ. ಸವೆದಂತೆ 0.25, 0.50, 0.75, 1.00 ಮಿ.ಮೀ. ದೊಡ್ಡದಾದ ಓವರ್‌ಸೈಜ್ ಪಿಸ್ಟನ್‌ಗಳು ಬರುತ್ತವೆ. ಪೊಟ್ಟಣದ ಮೇಲೆ ಒಂದೇ ಅಳತೆ ಬರೆದಿದ್ದರೂ ಎರಡು ಪಿಸ್ಟನ್ ಒಂದೇ ಸಮ ಇರುವುದಿಲ್ಲ, ಹಾಗಾಗಿ ಪಿಸ್ಟನ್ ಅಳೆದೇ ಸಿಲಿಂಡರ್ ಕೊರೆಯುತ್ತಾರೆ. ನಮ್ಮ ಮೆಕ್ಯಾನಿಕ್ ಪಿಸ್ಟನ್ನಿಗೆ ಕಾಯುತ್ತಿದ್ದರು, ಲೇತ್‌ನವರು ಮೆಕ್ಯಾನಿಕ್‌ಗೆ ಕಾಯುತ್ತಿದ್ದರು, ನಾನು ಇಬ್ಬರಿಗೂ ಕಾಯುತ್ತಿದ್ದೆ.

ವರ್ಷದ ಯಾವ ಹೊತ್ತು ಅನ್ನುವುದನ್ನೂ ನೋಡಿ. ಆಯುಧಪೂಜೆಗೆ ಮುಂಚಿನ ಮೂರು ವಾರ ಯಾವ ಗ್ಯಾರೇಜಿನಲ್ಲೂ ದೊಡ್ಡ ಕೆಲಸ ಮುಂದೆ ಹೋಗುವುದಿಲ್ಲ. ಊರಿನ ಗಾಡಿಗಳೆಲ್ಲ ಸರ್ವಿಸಿಗೆ ಬಂದು ನಿಂತಿರುತ್ತವೆ. ಜಾವಾ, ಯೆಜ್ಡಿ ಮಾತ್ರ ನೋಡುವ ಮೆಕ್ಯಾನಿಕ್‌ಗಳಿಗೆ ಜುಲೈ ತಿಂಗಳ ಎರಡನೇ ಭಾನುವಾರ ಬರುವ ಜಾವಾ ದಿನಕ್ಕೆ ಮುಂಚೆ ಇದೇ ಪಾಡು. ಬೆಂಗಳೂರು, ಮೈಸೂರಿನಲ್ಲಿ ಅಂದು ಗಾಡಿಗಳು ಸೇರುತ್ತವೆ, ಎಲ್ಲರಿಗೂ ಅಷ್ಟರೊಳಗೆ ತಮ್ಮದು ಆಗಿಬಿಡಬೇಕು. ಆ ದಿನಗಳಲ್ಲಿ ಜಗಳ ಮಾಡುವುದಕ್ಕಿಂತ ಅದು ಮುಗಿದ ಮಾರನೇ ದಿನ ಬೆಳಿಗ್ಗೆ ಹೋಗಿ ನಿಲ್ಲುವುದು ವಾಸಿ.

ಸ್ಪೇರನ್ನು ನೀವೇ ತಂದುಕೊಡುವುದು

ಎಂಜಿನ್ ಬಿಚ್ಚಿದೆ, ಸ್ಪೇರಿಗೆ ಮಾತ್ರ ನಿಂತಿದೆ ಅಂತಾದರೆ ಇದರಷ್ಟು ಒಳ್ಳೆಯ ದಾರಿ ಇಲ್ಲ. ಮೂರು ತಿಂಗಳು ತಡವಾಗಿ ಇದಕ್ಕೆ ಇಳಿದೆನಲ್ಲ ಅನ್ನುವ ಬೇಸರ ನನಗೆ ಈಗಲೂ ಇದೆ.

ಮೆಕ್ಯಾನಿಕ್‌ಗೆ ದಿನದ ಕೂಲಿ ಬಿಟ್ಟು ಜೆ.ಸಿ. ರಸ್ತೆಗೋ ಶಿವಾಜಿನಗರದ ಗುಜರಿಗೋ ಬರಲು ಆಗುವುದಿಲ್ಲ. ನಿಮಗೆ ಒಂದು ಶನಿವಾರ ಇದ್ದರೆ ಸಾಕು. ಹೊಸ ಸ್ಪೇರಿಗೆ ಜೆ.ಸಿ. ರಸ್ತೆ, ಹಳೇ ಗಾಡಿಯಿಂದ ಬಿಚ್ಚಿದ ಮಾಲಿಗೆ ಗುಜರಿ. ಚೆನ್ನೈನಲ್ಲಿ ಇದ್ದರೆ ಪುದುಪೇಟೆ, ದೆಹಲಿಯಲ್ಲಿ ಇದ್ದರೆ ಕರೋಲ್ ಬಾಗ್. ಬರೀ ಹೆಸರು ಹೇಳಿಕೊಂಡು ಹೋಗಬೇಡಿ, ಹಳೇ ಪಾರ್ಟನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಹಳೇ ಕಾನ್‌ರಾಡು, ಹಳೇ ಪಿಸ್ಟನ್ ಪಿನ್ನು, ಹಳೇ ಆಯಿಲ್ ಸೀಲು. ಬೇರಿಂಗಿನ ಮೇಲೆ, ಸೀಲಿನ ಮೇಲೆ ನಂಬರ್ ಅಚ್ಚಾಗಿರುತ್ತದೆ. ಆ ನಂಬರ್ ಇದ್ದರೆ ಬೈಕಿನ ಅಂಗಡಿಯೇ ಬೇಕೆಂದಿಲ್ಲ, ಬೇರಿಂಗ್ ಅಂಗಡಿಯಲ್ಲಿ ಒಳ್ಳೆ ಕಂಪನಿಯ ಮಾಲೇ ಸಿಗುತ್ತದೆ. ನನ್ನ ಕ್ರ್ಯಾಂಕಿನ ಮೇನ್ ಬೇರಿಂಗುಗಳು ಸಿಕ್ಕಿದ್ದು ಹಾಗೆಯೇ, ಒಂದು ಬೋರ್‌ವೆಲ್ ಪಂಪಿನ ಅಂಗಡಿಯ ಪಕ್ಕದಲ್ಲಿ.

ಮೆಕ್ಯಾನಿಕ್‌ಗೆ ಇದು ಇಷ್ಟವಾಗದೇ ಇರಬಹುದು. ಸ್ಪೇರಿನಲ್ಲಿ ಅವರಿಗೆ ನಾಲ್ಕು ಕಾಸು ಉಳಿಯುತ್ತದೆ, ಅದು ಅವರ ನ್ಯಾಯವಾದ ಸಂಪಾದನೆ. "ಸ್ಪೇರ್ ನಾನು ತರುತ್ತೇನೆ, ಲೇಬರನ್ನು ಸ್ವಲ್ಪ ಹೆಚ್ಚು ಹಾಕಿಕೊಳ್ಳಿ" ಅಂತ ಮೊದಲೇ ಹೇಳಿಬಿಡಿ. ಪಾರ್ಟು ಸರಿ ಇಲ್ಲದಿದ್ದರೆ ಹೊಣೆ ನಿಮ್ಮದೇ ಆಗುತ್ತದೆ ಅನ್ನುವುದನ್ನೂ ಒಪ್ಪಿಕೊಳ್ಳಬೇಕು. ಹಾಗಾಗಿ ಪಿಸ್ಟನ್, ಕಾನ್‌ರಾಡ್ ಕಿಟ್ಟನ್ನು ದುಡ್ಡು ಕೊಡುವ ಮೊದಲೇ ಫೋಟೋ ತೆಗೆದು ಮೆಕ್ಯಾನಿಕ್‌ಗೆ ಕಳಿಸಿ, ಅವರು ಹೂಂ ಅಂದ ಮೇಲೆ ಕೊಳ್ಳಿ.

ಬಿಚ್ಚಿದ ಗಾಡಿಯನ್ನು ಎತ್ತಿಕೊಂಡು ಬರುವುದು

ಎಲ್ಲರಿಗೂ ಕೋಪದಲ್ಲಿ ಮೊದಲು ಹೊಳೆಯುವುದು ಇದೇ. ಎಂಜಿನ್ ಇನ್ನೂ ಮುಚ್ಚಿದ್ದರೆ ಯೋಚಿಸುವುದೇ ಬೇಡ. ಬಿಟ್ಟು ಹದಿನೈದು ದಿನವಾದರೂ ಒಂದು ನಟ್ಟೂ ಬಿಚ್ಚಿಲ್ಲ ಅಂದರೆ ಅವರಿಗೆ ಈ ಕೆಲಸ ಬೇಕಾಗಿಲ್ಲ, ಹೇಳಲು ಸಂಕೋಚ ಅಷ್ಟೇ. ನಗುತ್ತಲೇ ತಳ್ಳಿಕೊಂಡು ಬನ್ನಿ.

ಎಂಜಿನ್ ಬಿಚ್ಚಿದ್ದರೆ ಹಾಗಲ್ಲ. ಬಿಚ್ಚಿದವರಿಗೆ ಮಾತ್ರ ಗೊತ್ತಿರುವ ಸಂಗತಿಗಳು ಬಹಳ ಇರುತ್ತವೆ. ಯಾವ ಶಿಮ್ ವಾಷರ್ ಯಾವ ಕಡೆಯದು, ಯಾವ ಬೋಲ್ಟಿನ ಥ್ರೆಡ್ ಹೋಗಿತ್ತು, ಗೇರ್ ಬಾಕ್ಸಿನಲ್ಲಿ ಏನು ಕಂಡಿತ್ತು. ಜೊತೆಗೆ ಬಹಳ ಮೆಕ್ಯಾನಿಕ್‌ಗಳು ಬೇರೆಯವರು ಬಿಚ್ಚಿದ ಎಂಜಿನ್ ಮುಟ್ಟುವುದಿಲ್ಲ. ಕೆಟ್ಟರೆ ಹೆಸರು ತಮಗೆ ಬರುತ್ತದೆ ಅನ್ನುವ ಅವರ ಹೆದರಿಕೆಯಲ್ಲಿ ತಪ್ಪೇನಿಲ್ಲ. ಹಾಗಾಗಿ ಹೊಸಬರು ಒಪ್ಪುವ ಮೊದಲು ಹಳಬರ ಹತ್ತಿರದಿಂದ ಗಾಡಿ ತೆಗೆಯಬೇಡಿ. ನಾನು ಈ ತಪ್ಪು ಮಾಡಿದೆ. ರೇಗಾಡಿ, ಏಸ್ ಗಾಡಿ ತರಿಸಿ, ಗೋಣಿಚೀಲದಲ್ಲಿ ಎಂಜಿನ್ ಸಾಮಾನು ತುಂಬಿಕೊಂಡು ಬಂದವನಿಗೆ ಮುಂದಿನ ಇಪ್ಪತ್ತಾರು ದಿನ ಯಾರೂ ಸಿಗಲಿಲ್ಲ. ಗಾಡಿ ನಮ್ಮ ಶೆಡ್ಡಿನಲ್ಲಿ ಮಳೆಯ ತೇವದಲ್ಲಿ ನಿಂತಿತ್ತು, ಚಕ್ರಗಳ ಅಂಚಿಗೆ ತುಕ್ಕು ಕಂಡಾಗ ಅಪ್ಪ ಏನೂ ಹೇಳದೆ ಒಳಗೆ ಹೋದರು.

ಎತ್ತಿಕೊಂಡು ಬರಲೇಬೇಕಾದರೆ ಸಾವಧಾನವಾಗಿ ಒಂದು ಪೂರ್ತಿ ಮಧ್ಯಾಹ್ನ ಇಟ್ಟುಕೊಂಡು ಹೋಗಿ. ಗಟ್ಟಿ ಪ್ಲಾಸ್ಟಿಕ್ ಚೀಲಗಳು, ಮಾರ್ಕರ್ ಪೆನ್ನು ತೆಗೆದುಕೊಳ್ಳಿ. ಕ್ಲಚ್ ಮತ್ತು ಪ್ರೈಮರಿ ಚೈನ್ ಒಂದು ಚೀಲ, ಮ್ಯಾಗ್ನೆಟ್ ಕಡೆಯದು ಒಂದು, ಕಾರ್ಬ್ಯುರೇಟರ್ ಒಂದು, ಬೋಲ್ಟುಗಳು ಯಾವ ಕವರಿನದೋ ಆ ಕವರಿಗೇ ತಂತಿ ಕಟ್ಟಿ. ಶಿಮ್ ವಾಷರುಗಳನ್ನು ಕೇಳಿ ಪಡೆಯಿರಿ. ತೆಳ್ಳಗಿನ ಈ ಉಂಗುರ ಕಳೆದರೆ ಸರಿಯಾದ ದಪ್ಪದ್ದು ಸಿಗುವವರೆಗೂ ಎಂಜಿನ್ ಮುಚ್ಚುವ ಹಾಗಿಲ್ಲ. ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ಆರ್‌ಸಿಗೆ ತಾಳೆ ನೋಡಿ. ಹಳೇ ಗಾಡಿಗಳು ನಾಲ್ಕಾರು ಒಂದೇ ಕಡೆ ಬಿಚ್ಚಿಟ್ಟಿರುವಾಗ ಕ್ರ್ಯಾಂಕ್‌ಕೇಸ್ ಅದಲುಬದಲಾಗುವುದು ಉಂಟು. ಆದ ಕೆಲಸಕ್ಕೆ ದುಡ್ಡು ಕೊಟ್ಟು, ಏನೇನು ಆಗಿದೆ ಅಂತ ಒಂದು ಚೀಟಿ ಬರೆಸಿಕೊಳ್ಳಿ. ಚೌಕಾಸಿ ಬೇಡ. ಮುಂದಿನ ತಿಂಗಳು ಹೊಸ ಮೆಕ್ಯಾನಿಕ್ ಏನೋ ಸಂಶಯ ಕೇಳಿದಾಗ ಫೋನ್ ಎತ್ತಬೇಕಾದವರು ಇವರೇ.

ದೂರದ ಪಳಗಿದ ಕೈಗೆ ಕಳಿಸುವುದು

ಯೆಜ್ಡಿ, ಆರ್‌ಡಿ 350 ಇಂಥ ಗಾಡಿಗೆ ಕೊನೆಗೆ ಇದೇ ಸರಿ ಅನ್ನಿಸಿತು. ಇಂಥವರು ಮೊದಲೇ "ಮೂರು ತಿಂಗಳು" ಅನ್ನುತ್ತಾರೆ. ಹತ್ತಿರದವರ ಹದಿನೈದು ದಿನಕ್ಕೆ ಹೋಲಿಸಿದರೆ ಹೆಚ್ಚು ಅನ್ನಿಸಬಹುದು, ಆದರೆ ಆ ಮೂರು ತಿಂಗಳು ಮೂರೇ ತಿಂಗಳಾಗುವ ಸಾಧ್ಯತೆ ಜಾಸ್ತಿ, ಏಕೆಂದರೆ ಪಿಸ್ಟನ್, ಕಾನ್‌ರಾಡ್ ಕಿಟ್ಟುಗಳನ್ನು ಅವರು ಕಪಾಟಿನಲ್ಲೇ ಇಟ್ಟುಕೊಂಡಿರುತ್ತಾರೆ.

ಇಡೀ ಗಾಡಿ ಕಳಿಸಬೇಕಾಗಿಲ್ಲ. ತೊಂದರೆ ಎಂಜಿನ್ನಿನದಾದರೆ ಎಂಜಿನ್ ಮಾತ್ರ ಇಳಿಸಿ, ಆಯಿಲ್ ಬಸಿದು, ಮರದ ಪೆಟ್ಟಿಗೆಯಲ್ಲಿ ಪಾರ್ಸೆಲ್ ಲಾರಿಗೆ ಹಾಕಿ. ಗಾಡಿಯ ಉಳಿದ ಭಾಗ ಮನೆಯಲ್ಲೇ ಒಣಗಿದ ಜಾಗದಲ್ಲಿ ಇರುತ್ತದೆ, ಬಣ್ಣಕ್ಕೆ ಗೀರು ಬೀಳುವುದಿಲ್ಲ. ಪೂರ್ತಿ ಗಾಡಿಯನ್ನು ರೈಲಿನಲ್ಲಿ ಕಳಿಸುವುದಾದರೆ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಕೊಡಬೇಕು.

ಪೆಟ್ರೋಲಿನ ಮಾತು ಬಂದಿದ್ದಕ್ಕೆ ಇನ್ನೊಂದು. ಗಾಡಿ ಎಲ್ಲೇ ನಿಲ್ಲಲಿ, ಒಂದು ತಿಂಗಳು ದಾಟುತ್ತದೆ ಅನ್ನಿಸಿದರೆ ಟ್ಯಾಂಕು ಮತ್ತು ಕಾರ್ಬ್ಯುರೇಟರ್ ಬಸಿಯಿರಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಬೆರೆಸಿರುತ್ತಾರೆ, ಎಥನಾಲ್ ಗಾಳಿಯ ತೇವ ಹೀರುತ್ತದೆ. ಹಳೇ ಕಬ್ಬಿಣದ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುವುದು ಹೀಗೆ. ಬಿಚ್ಚಿದ ಕ್ರ್ಯಾಂಕಿಗೆ ಒಂದಿಷ್ಟು ಟೂ-ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಆಯಿಲ್) ಬಿಟ್ಟು, ಪ್ಲಾಸ್ಟಿಕ್ ಕಟ್ಟಿಡಿ ಅಂತ ಮೆಕ್ಯಾನಿಕ್‌ಗೆ ಹೇಳಿ. ಬನಿಯನ್ ಸಾಲದು.

ಅರ್ಧ ಕೆಲಸ ಮನೆಯಲ್ಲಿ ಮಾಡಿಕೊಳ್ಳುವುದೂ ಒಂದು ದಾರಿ. ಕೇಬಲ್, ಬ್ರೇಕ್ ಶೂ, ಚೈನ್ ಸ್ಪ್ರಾಕೆಟ್, ವೈರಿಂಗ್ ಇವಕ್ಕೆಲ್ಲ ಗ್ಯಾರೇಜಿನ ಸರದಿ ಕಾಯಬೇಕಾಗಿಲ್ಲ. ಎಂಜಿನ್ ಹೊರಗಿರುವಾಗ ಇವನ್ನು ಮುಗಿಸಿಟ್ಟರೆ ಮೆಕ್ಯಾನಿಕ್ ಪಟ್ಟಿಯಿಂದ ನಾಲ್ಕು ಕೆಲಸ ಇಳಿಯುತ್ತದೆ. ಕ್ರ್ಯಾಂಕ್ ಮಾತ್ರ ಮನೆಯಲ್ಲಿ ಬೇಡ.

ಕಾನೂನಿನ ದಾರಿ

ದುಡ್ಡು ಕೊಟ್ಟು ಮಾಡಿಸುವ ರಿಪೇರಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸೇವೆಯೇ. ವಿನಾಕಾರಣ ತಡ ಮಾಡಿದರೆ ಸೇವೆಯಲ್ಲಿನ ಕೊರತೆ ಅಂತ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು 1915 ಸಹಾಯವಾಣಿಗೆ ಹೇಳಿ ನೋಡಬಹುದು.

ಭಾರತೀಯ ಕರಾರು ಕಾಯ್ದೆ, 1872 ಇನ್ನೂ ಹತ್ತಿರದ್ದು. ಅದರ 170ನೇ ಕಲಮಿನ ಪ್ರಕಾರ, ಮಾಡಿದ ಕೆಲಸದ ಕೂಲಿ ಬರುವವರೆಗೆ ಗಾಡಿ ಇಟ್ಟುಕೊಳ್ಳುವ ಹಕ್ಕು ಮೆಕ್ಯಾನಿಕ್‌ಗೆ ಇದೆ. ಮಾಡದ ಕೆಲಸಕ್ಕೆ ಇಲ್ಲ. 161ನೇ ಕಲಮಿನಲ್ಲಿ, ತನ್ನ ತಪ್ಪಿನಿಂದ ಸರಿಯಾದ ಸಮಯಕ್ಕೆ ಹಿಂದಿರುಗಿಸದಿದ್ದರೆ ಅಲ್ಲಿಂದಾಚೆ ಆ ವಸ್ತುವಿಗಾಗುವ ಹಾನಿಗೆ ಇಟ್ಟುಕೊಂಡವರೇ ಹೊಣೆ ಅಂತಿದೆ. ಇವು ಉಪಯೋಗಕ್ಕೆ ಬರಬೇಕಾದರೆ ಕಾಗದ ಬೇಕು. ಬಿಲ್ ಕೊಡದ ಸಣ್ಣ ಗ್ಯಾರೇಜಾದರೆ ಯುಪಿಐನಲ್ಲಿ ದುಡ್ಡು ಕಳಿಸಿ, ಕೆಲಸದ ಪಟ್ಟಿ ಮತ್ತು ತಾರೀಖನ್ನು ಒಂದು ವಾಟ್ಸಾಪ್ ಸಂದೇಶದಲ್ಲಿ ಹಾಕಿ, ಅವರಿಂದ "ಆಯ್ತು" ಅನ್ನಿಸಿಕೊಳ್ಳಿ.

ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ. ಬರೀ ತಡಕ್ಕೆ ಈ ದಾರಿ ಹಿಡಿಯಬೇಡಿ. ದೂರು ಮುಗಿಯುವುದರೊಳಗೆ ಎಂಜಿನ್ ಇನ್ನಷ್ಟು ಕೆಡುತ್ತದೆ. ಗಾಡಿ ಕೊಡಲು ಒಪ್ಪದಿದ್ದರೆ, ಪಾರ್ಟುಗಳು ಕಾಣೆಯಾಗಿದ್ದರೆ, ದೊಡ್ಡ ಅಡ್ವಾನ್ಸ್ ಮುಳುಗಿದರೆ ಆಗ ಹಿಂಜರಿಯಬೇಡಿ.

ಗಾಡಿ ಅಲ್ಲಿರುವಾಗ ಇತ್ತ ಮರೆಯಬಾರದ್ದು ಎರಡು ಇವೆ. ಮೆಕ್ಯಾನಿಕ್ ಟ್ರಯಲ್‌ಗೆ ಓಡಿಸುವಾಗ ಅಪಘಾತವಾದರೆ ವಿಮೆ ಬೇಕಾಗುವುದು ನಿಮ್ಮದೇ, ಹಾಗಾಗಿ ಥರ್ಡ್ ಪಾರ್ಟಿ ವಿಮೆ ಮುಗಿಯಲು ಬಿಡಬೇಡಿ. ಇನ್ನೊಂದು ಆರ್‌ಸಿ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು, ಅದಕ್ಕೆ ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. 2022ರ ಏಪ್ರಿಲ್‌ನಿಂದ ಬಂದ ನಿಯಮದಲ್ಲಿ ಬೈಕಿಗೆ ತಡವಾದ ಪ್ರತಿ ತಿಂಗಳಿಗೂ ₹300 ಹೆಚ್ಚುವರಿ ಶುಲ್ಕ ಇದೆ. ನವೀಕರಣ ಹತ್ತಿರವಿದ್ದರೆ ದೊಡ್ಡ ಕೆಲಸಕ್ಕೆ ಬಿಡುವ ಮೊದಲೇ ಅದನ್ನು ಮುಗಿಸಿಕೊಳ್ಳಿ.

ಮತ್ತೆ ಬಿಡುವುದಾದರೆ ನಾನು ಹೀಗೆ ಮಾಡುತ್ತೇನೆ. ಗಾಡಿ ಮನೆಯಲ್ಲೇ ಇರಲಿ, ಓಡುವಷ್ಟು ಓಡಲಿ. ಮೊದಲು ಕಾನ್‌ರಾಡ್ ಕಿಟ್, ಬೇರಿಂಗು, ಸೀಲು, ಗ್ಯಾಸ್ಕೆಟ್ ತಂದಿಟ್ಟುಕೊಳ್ಳುತ್ತೇನೆ. ಲೇತ್‌ನವರ ಬಿಡುವು ಕೇಳಿಕೊಳ್ಳುತ್ತೇನೆ. ಆಮೇಲೆ ಎಂಜಿನ್ ಬಿಚ್ಚಿಸುತ್ತೇನೆ. ಸಿಲಿಂಡರ್ ಅಳೆದ ದಿನವೇ ಆ ಅಳತೆಯ ಪಿಸ್ಟನ್ ತರುತ್ತೇನೆ. ದುಡ್ಡನ್ನು ಮೂರು ಕಂತು ಮಾಡುತ್ತೇನೆ: ಬಿಚ್ಚಿದಾಗ ಒಂದು, ಕ್ರ್ಯಾಂಕ್ ಲೇತ್‌ನಿಂದ ಬಂದಾಗ ಒಂದು, ಎಂಜಿನ್ ತಣ್ಣಗಿರುವಾಗ ನನ್ನೆದುರು ಮೂರು ಕಿಕ್ಕಿನೊಳಗೆ ಸ್ಟಾರ್ಟ್ ಆದಾಗ ಕೊನೆಯದು. ಬಿಚ್ಚಿದ ಹಳೇ ಪಾರ್ಟುಗಳನ್ನೂ ಕೇಳಿ ತರುತ್ತೇನೆ. ಆ ಹಳೇ ಕಾನ್‌ರಾಡು ಈಗಲೂ ನಮ್ಮ ಶೆಡ್ಡಿನ ಕಿಟಕಿಯಲ್ಲಿದೆ, ಗ್ರೀಸ್ ಸವರಿ ಅಪ್ಪ ಪೇಪರಿನಲ್ಲಿ ಸುತ್ತಿಟ್ಟಿದ್ದಾರೆ. ಮುಂದೆ ಯಾವತ್ತಾದರೂ ಜೆ.ಸಿ. ರಸ್ತೆಯಲ್ಲಿ ಅಳತೆ ತೋರಿಸಲು ಬೇಕಾಗುತ್ತದೆ.